ಹೊಳೆ ದಾಟಿಸಿದ ಅಂಬಿಗನಿಗೆ ಲೈಸೆನ್ಸು ಇತ್ತೇ?

(ಕಲಾವಿದರಿಗೆ ಕೆಲಸ ಕೊಡಿಸುವವರನ್ನು ಕುರಿತ ಕ್ಯಾಲಿಫೋರ್ನಿಯಾದ ಕಾಯಿದೆ - ಉಪನ್ಯಾಸದ ಬರಹರೂಪ)



ಪತ್ರಿಕೆಗಳ ವರ್ಗೀಕೃತ ಜಾಹೀರಾತು ಓದುವ ಅಭ್ಯಾಸವಿದ್ದವರಿಗೆ ಈ ಬಗೆಯ ಸಾಲುಗಳು ಹೊಸವಲ್ಲ: ಚಿತ್ರಕ್ಕೆ, ಧಾರಾವಾಹಿಗೆ ಹೊಸ ಮುಖಗಳು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ, ಭಾವಚಿತ್ರದೊಂದಿಗೆ ಬನ್ನಿ. ಊರಿನಿಂದ ಬಸ್ಸು ಹಿಡಿದು ಬಂದ ಹುಡುಗ ಮೊದಲು ನೋಂದಣಿ ಶುಲ್ಕ ಕಟ್ಟುತ್ತಾನೆ. ಆಮೇಲೆ ಫೋಟೋ ಆಲ್ಬಮ್ಮಿನ ಖರ್ಚು, ಅದರ ಹಿಂದೆಯೇ ಅಭಿನಯ ತರಬೇತಿಯ ಖರ್ಚು. ಚಿತ್ರ ಮಾತ್ರ ಸೆಟ್ಟೇರುವುದಿಲ್ಲ. ಈ ವಿದ್ಯೆ ಯಾವುದೇ ಒಂದು ಊರಿನ ಸ್ವತ್ತಲ್ಲ. ಹಾಲಿವುಡ್ ಇರುವ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇಂಥವರಿಗೆ ಮೂಗುದಾರ ಹಾಕಲು ನೂರು ವರ್ಷಕ್ಕೂ ಹಿಂದೆಯೇ ಹೊರಟಿತು. ಕೆಲಸ ಕೊಡಿಸಿ ಕಮಿಷನ್ ಪಡೆಯುವವನು ಸರ್ಕಾರದ ಪರವಾನಗಿ ಪಡೆದಿರಬೇಕು ಎಂದು ಕಾಯಿದೆ ಮಾಡಿತು. ಆ ಕಾಯಿದೆ ಇಂದಿಗೂ ಜೀವಂತವಾಗಿದೆ. ಆದರೆ ಬಸ್ಸಿಳಿದು ಬಂದ ಹುಡುಗನಿಗಿಂತ, ಗೆದ್ದು ಮೇಲೇರಿದ ತಾರೆಗೇ ಅದು ಹೆಚ್ಚು ಒದಗಿ ಬಂದಿದೆ. ಹೀಗೇಕಾಯಿತು ಎಂಬುದು ಯೋಚಿಸಬೇಕಾದ ಸಂಗತಿ.

ಇದರ ಬೇರು ರಂಗಮಂಟಪದಲ್ಲಿಲ್ಲ, ಕಾಡಿನಲ್ಲಿದೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಮರ ಕಡಿಯುವ, ರೈಲು ಹಳಿ ಹಾಕುವ, ಕೊಯ್ಲು ಮಾಡುವ ಕೂಲಿಗಳು ಊರಿಂದೂರಿಗೆ ಅಲೆಯುತ್ತಿದ್ದರು. ಪೇಟೆಗಳಲ್ಲಿ ಕೆಲಸ ಕೊಡಿಸುವ ಅಂಗಡಿಗಳಿದ್ದವು. ಕೂಲಿಯವನು ಅಲ್ಲಿ ಹಣ ಕಟ್ಟಿ ಚೀಟಿ ಪಡೆದು, ನೂರಾರು ಮೈಲಿ ಹೋಗಿ ನೋಡಿದರೆ ಕೆಲವೊಮ್ಮೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಇದ್ದರೂ ನಾಲ್ಕೇ ದಿನದಲ್ಲಿ ಮೇಸ್ತ್ರಿ ಅವನನ್ನು ಓಡಿಸಿ ಇನ್ನೊಬ್ಬನನ್ನು ತರಿಸಿಕೊಳ್ಳುತ್ತಿದ್ದ. ಏಕೆಂದರೆ ಹೊಸಬ ಬಂದಾಗಲೆಲ್ಲ ಹೊಸ ಶುಲ್ಕ. ಆ ಶುಲ್ಕದಲ್ಲಿ ಮೇಸ್ತ್ರಿಗೂ ಪಾಲು. ಒಂದು ತಂಡ ಕೆಲಸದಲ್ಲಿ, ಒಂದು ತಂಡ ಬರುವ ದಾರಿಯಲ್ಲಿ, ಮತ್ತೊಂದು ಹೋಗುವ ದಾರಿಯಲ್ಲಿ ಎಂದು ಜನ ಆಡಿಕೊಳ್ಳುತ್ತಿದ್ದರು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ 1909ರಲ್ಲಿ ಇದರ ವಿರುದ್ಧ ಬೀದಿಯಲ್ಲಿ ನಿಂತು ಮಾತನಾಡಿದ ಕಾರ್ಮಿಕರನ್ನು ನೂರಾರು ಸಂಖ್ಯೆಯಲ್ಲಿ ಜೈಲಿಗೆ ಹಾಕಲಾಯಿತು. ಜೈಲು ತುಂಬಿದರೂ ಜನ ಬರುವುದು ನಿಲ್ಲಲಿಲ್ಲ. ಕೊನೆಗೆ ನಗರಾಡಳಿತವೇ ಮಣಿದು ಹಲವು ಏಜೆನ್ಸಿಗಳ ಪರವಾನಗಿ ರದ್ದುಪಡಿಸಿತು.

ಅದೇ ರಾಜ್ಯದ ಮತದಾರರು 1914ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸಗಾರನಿಂದ ಶುಲ್ಕ ಪಡೆಯುವುದನ್ನೇ ನಿಷೇಧಿಸಿದರು. ಅಮೆರಿಕದ ಸುಪ್ರೀಂ ಕೋರ್ಟು 1917ರಲ್ಲಿ ಆ ನಿಷೇಧವನ್ನು ಹೊಡೆದುಹಾಕಿತು. ದರಕ್ಕೆ ಮಿತಿ ಹಾಕುವುದನ್ನೂ 1928ರಲ್ಲಿ ಒಪ್ಪಲಿಲ್ಲ. 1941ರಲ್ಲಿ ಆ ನಿಲುವನ್ನು ಬದಲಿಸಿ, ಶುಲ್ಕಕ್ಕೆ ಕಡಿವಾಣ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದಿತು. ಹೀಗೆ ಬಹಳ ಕಾಲ ರಾಜ್ಯಗಳ ಕೈಯಲ್ಲಿ ಉಳಿದ ಭದ್ರವಾದ ಆಯುಧವೆಂದರೆ ಪರವಾನಗಿ ಒಂದೇ. ಕ್ಯಾಲಿಫೋರ್ನಿಯಾ 1913ರಲ್ಲಿ ಮಾಡಿದ ಖಾಸಗಿ ಉದ್ಯೋಗ ಏಜೆನ್ಸಿಗಳ ಕಾಯಿದೆ ಇದೇ ಹಾದಿಯದು. ಚಿತ್ರರಂಗಕ್ಕೂ ರಂಗಭೂಮಿಗೂ ಕಲಾವಿದರನ್ನು ಒದಗಿಸುವವರು ಈ ಕೂಲಿ ಏಜೆಂಟರ ಜೊತೆಗೇ ಅದರ ಬಲೆಗೆ ಬಿದ್ದರು.

ಕಲಾವಿದರ ಪಾಡೂ ಕೂಲಿಗಳ ಪಾಡಿಗಿಂತ ಬಹಳ ಬೇರೆಯಾಗಿರಲಿಲ್ಲ. ಸಿನಿಮಾ ಬರುವ ಮುಂಚೆ ಅಮೆರಿಕದಲ್ಲಿ ವಾಡ್‌ವಿಲ್ ಎಂಬ ಮನರಂಜನೆ ಇತ್ತು. ಹಾಡು, ಕುಣಿತ, ಹಾಸ್ಯ, ಜಾದೂ, ದೊಂಬರಾಟ ಎಲ್ಲವೂ ಒಂದೇ ಟಿಕೆಟಿಗೆ. ಊರೂರಿನ ಥಿಯೇಟರುಗಳಿಗೆ ವಾರಕ್ಕಿಷ್ಟು ಎಂದು ಕಲಾವಿದರನ್ನು ಗೊತ್ತುಪಡಿಸುವ ಬುಕಿಂಗ್ ಕಚೇರಿಗಳು ಹುಟ್ಟಿಕೊಂಡವು. ಅವುಗಳಲ್ಲಿ ದೊಡ್ಡದು ಕೀತ್ ಮತ್ತು ಆಲ್ಬೀ ಎಂಬ ಥಿಯೇಟರ್ ಮಾಲೀಕರು 1906ರಲ್ಲಿ ಕಟ್ಟಿದ ಯುನೈಟೆಡ್ ಬುಕಿಂಗ್ ಆಫೀಸ್. ವಿಚಿತ್ರ ನೋಡಿ: ಕಲಾವಿದನಿಗೆ ಕೆಲಸ ಕೊಡುವವರೂ ಅವರೇ, ಕೆಲಸ ಕೊಡಿಸಿದ್ದಕ್ಕೆ ಅವನ ಸಂಬಳದಲ್ಲಿ ಶೇ 5 ಹಿಡಿದುಕೊಳ್ಳುವವರೂ ಅವರೇ! ಇಂಥ ಕಡಿತದ ವಿರುದ್ಧ ಅದಕ್ಕೂ ಮೊದಲೇ, 1900ರಲ್ಲಿ, ಕಲಾವಿದರು ‘ವೈಟ್ ರ‍್ಯಾಟ್ಸ್’ ಎಂಬ ಸಂಘ ಕಟ್ಟಿ ಮರುವರ್ಷ ಮುಷ್ಕರ ಹೂಡಿದ್ದರು. ಮುಷ್ಕರ ಬಹಳ ದಿನ ಬಾಳಲಿಲ್ಲ. ಶೇ 5 ಬಾಳಿತು.

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. ಉಳಿದ ಕಸುಬುಗಳಲ್ಲಿ ಕೆಲಸಗಾರನಿಂದ ಹಣ ಪಡೆಯುವುದು ತಪ್ಪು, ಮಾಲೀಕನೇ ಕೊಡಲಿ ಎಂಬ ಅಭಿಪ್ರಾಯ ಜಗತ್ತಿನಲ್ಲಿ ಬಲವಾಗುತ್ತ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಮಾಡಿದ ಒಡಂಬಡಿಕೆ ಅದನ್ನೇ ಹೇಳುತ್ತದೆ. ಜೊತೆಗೆ ಕೆಲವು ವರ್ಗದವರಿಗೆ ವಿನಾಯಿತಿ ಕೊಡಲು ಅವಕಾಶವನ್ನೂ ಇಡುತ್ತದೆ. ಬ್ರಿಟನ್ನಿನ 2003ರ ನಿಯಮಗಳಲ್ಲಿ ಆ ವಿನಾಯಿತಿ ಸಿಕ್ಕಿದ್ದು ಮುಖ್ಯವಾಗಿ ನಟರು, ಗಾಯಕರು, ಮಾಡೆಲ್‌ಗಳಂಥವರಿಗೆ ಕೆಲಸ ಕೊಡಿಸುವವರಿಗೆ. ಕಾರಣ ಸರಳ. ಗುಮಾಸ್ತನಿಗೆ ಕೆಲಸ ಕೊಡಿಸಿದರೆ ಅದು ಒಂದು ಸಲದ ವ್ಯವಹಾರ. ನಟನಿಗೆ ಇಂದು ಒಂದು ಪಾತ್ರ, ನಾಡಿದ್ದು ಇನ್ನೊಂದು. ಪ್ರತಿ ಸಲವೂ ಸಂಭಾವನೆಯ ಚೌಕಾಸಿ. ಆ ಚೌಕಾಸಿಯಲ್ಲಿ ಅವನ ಪರವಾಗಿ ವಾದಿಸುವವನು ಎದುರಿನವನಿಂದ ಹಣ ಪಡೆದರೆ ಕೆಟ್ಟಿತು. ಹಾಗಾಗಿ ಕಲಾವಿದನೇ ಕೊಡಬೇಕು. ಕೊಡುವವನು ಅವನೇ ಆದ್ದರಿಂದ ಮೋಸ ಹೋಗುವವನೂ ಅವನೇ.

ಕ್ಯಾಲಿಫೋರ್ನಿಯಾದ ಕಾಯಿದೆ ಹಲವು ಸಲ ರೂಪ ಬದಲಿಸಿ, 1978ರಲ್ಲಿ ಟ್ಯಾಲೆಂಟ್ ಏಜೆನ್ಸೀಸ್ ಆಕ್ಟ್ ಎಂಬ ಈಗಿನ ಹೆಸರು ಪಡೆಯಿತು. ಅದರ ಕಲಮುಗಳನ್ನು ಓದುತ್ತ ಹೋದರೆ ಹಳೆಯ ಮೋಸಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಪರವಾನಗಿಗೆ ಅರ್ಜಿ ಹಾಕುವವನು ಬೆರಳಚ್ಚು ಕೊಡಬೇಕು, ನಡತೆಯ ಬಗ್ಗೆ ಇಬ್ಬರ ಪ್ರಮಾಣಪತ್ರ ತರಬೇಕು, 50,000 ಡಾಲರಿನ ಬಾಂಡ್ ಕೊಡಬೇಕು. ಪರವಾನಗಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ತನ್ನ ಶುಲ್ಕದ ಪಟ್ಟಿಯನ್ನೂ ಅಷ್ಟೆ. ಕಲಾವಿದನ ಪರವಾಗಿ ಬಂದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ತನ್ನ ಕಮಿಷನ್ ಹಿಡಿದು, 30 ದಿನಗಳೊಳಗೆ ಉಳಿದುದನ್ನು ಅವನಿಗೆ ಮುಟ್ಟಿಸಬೇಕು. ನೋಂದಣಿ ಶುಲ್ಕ ಕೇಳುವಂತಿಲ್ಲ. ತನಗೆ ಲಾಭದ ಸಂಬಂಧವಿರುವ ಫೋಟೋ ಸ್ಟುಡಿಯೋಗೋ ತರಬೇತಿ ಶಾಲೆಗೋ ಕಲಾವಿದನನ್ನು ಕಳಿಸುವಂತಿಲ್ಲ. ತನ್ನ ಶುಲ್ಕದಲ್ಲಿ ಕೆಲಸ ಕೊಟ್ಟ ಮಾಲೀಕನಿಗೆ ಪಾಲು ಕೊಡುವಂತಿಲ್ಲ - ಇಲ್ಲಿ ಕಾಡಿನ ಮೇಸ್ತ್ರಿ ನೆನಪಾಗದಿರನು. ಮುಷ್ಕರ ನಡೆಯುತ್ತಿರುವ ಜಾಗಕ್ಕೆ ಆ ವಿಷಯ ತಿಳಿಸದೆ ಕಳಿಸುವಂತಿಲ್ಲ. ಪರಸ್ಥಳಕ್ಕೆ ಕಳಿಸಿ ಅಲ್ಲಿ ಕೆಲಸ ಸಿಗದಿದ್ದರೆ ಹೋಗಿ ಬಂದ ಖರ್ಚು ಕೊಡಬೇಕು. ಅಪ್ರಾಪ್ತರನ್ನು ಹೆಂಡದಂಗಡಿಗೆ ಕಳಿಸಬಾರದು. ಜೂಜುಕೋರರು, ಕುಡುಕರು, ತಲೆಹಿಡುಕರು ಕಚೇರಿಯಲ್ಲಿ ಸುಳಿದಾಡಲು ಬಿಡಬಾರದು ಎಂಬ ಮಾತೂ ಇದೆ. ಇವನ್ನು ಬರೆದವರಿಗೆ ಬಡ ಕಲಾವಿದನ, ಅದರಲ್ಲೂ ಒಂಟಿಯಾಗಿ ಊರು ಬಿಟ್ಟು ಬಂದ ಹುಡುಗಿಯ ಪಾಡು ಚೆನ್ನಾಗಿ ಗೊತ್ತಿತ್ತು ಎನ್ನುವುದರಲ್ಲಿ ಸಂಶಯವಿಲ್ಲ.

ಹಾಗಾದರೆ ತೊಡಕು ಎಲ್ಲಿ? ಕಲಾವಿದನ ಸುತ್ತ ಇರುವವನು ಏಜೆಂಟ್ ಒಬ್ಬನೇ ಅಲ್ಲ. ಅಲ್ಲಿ ಮ್ಯಾನೇಜರ್ ಎಂಬ ಇನ್ನೊಬ್ಬನಿದ್ದಾನೆ. ಏಜೆಂಟನ ಕೆಲಸ ಅವಕಾಶ ಹುಡುಕುವುದು, ಕರಾರು ಕುದುರಿಸುವುದು. ವಾಡಿಕೆಯ ಕಮಿಷನ್ ಶೇ 10. ದೊಡ್ಡ ಏಜೆನ್ಸಿಯ ಪಟ್ಟಿಯಲ್ಲಿ ನೂರಾರು ಹೆಸರುಗಳಿರುತ್ತವೆ. ಮ್ಯಾನೇಜರನ ಬಳಿ ಇರುವವರು ಬೆರಳೆಣಿಕೆಯ ಕಲಾವಿದರು. ಯಾವ ಪಾತ್ರ ಒಪ್ಪಬೇಕು, ಯಾವುದನ್ನು ಬಿಡಬೇಕು, ಯಾರನ್ನು ಭೇಟಿ ಮಾಡಬೇಕು, ಮನೆ ಬಾಡಿಗೆಗೆ ಏನು ದಾರಿ ಎಂಬುದರವರೆಗೆ ಅವನದೇ ಸಲಹೆ. ಅವನು ಕೇಳುವುದು ಶೇ 15, ಕೆಲವೊಮ್ಮೆ 20. ಅವನಿಗೆ ಪರವಾನಗಿ ಬೇಕಿಲ್ಲ. ಆದರೆ ಕೆಲಸ ಕೊಡಿಸುವಂತಿಲ್ಲ!

ಕಾಗದದ ಮೇಲೆ ಈ ಗೆರೆ ನೇರವಾಗಿದೆ. ನಿಜಜೀವನದಲ್ಲಿ ಅಲ್ಲ. ಹೆಸರಿಲ್ಲದ ಹೊಸಬನನ್ನು ಲೈಸೆನ್ಸು ಪಡೆದ ಏಜೆಂಟ್ ಕಣ್ಣೆತ್ತಿಯೂ ನೋಡುವುದಿಲ್ಲ. ಸಣ್ಣ ಸಂಭಾವನೆಯ ಹತ್ತನೇ ಒಂದು ಭಾಗಕ್ಕೆ ಯಾರು ಓಡಾಡುತ್ತಾರೆ? ಅಂಥ ಹೊತ್ತಿನಲ್ಲಿ ನಂಬಿ ಬೆನ್ನಿಗೆ ನಿಲ್ಲುವವನು ಮ್ಯಾನೇಜರ್. ಅವನು ನಿರ್ಮಾಪಕನಿಗೆ ಒಂದು ಫೋನ್ ಮಾಡಿ ‘ನಮ್ಮ ಹುಡುಗಿಯನ್ನು ಒಮ್ಮೆ ನೋಡಿ’ ಎಂದರೆ, ಅದು ಸಲಹೆಯೋ, ಕೆಲಸ ಹುಡುಕಿದಂತೆಯೋ? ಕಾಯಿದೆಯ ಪ್ರಕಾರ ಕೆಲಸ ದೊರಕಿಸುವುದು ಮಾತ್ರವಲ್ಲ, ದೊರಕಿಸಲು ಯತ್ನಿಸುವುದು, ದೊರಕಿಸುತ್ತೇನೆಂದು ಮಾತು ಕೊಡುವುದು ಕೂಡ ಏಜೆನ್ಸಿಯ ಕೆಲಸವೇ.

ಈ ಗೆರೆಯ ಮೇಲೆ ನಡೆದ ಮೊದಲ ಹೆಸರುವಾಸಿ ಜಗಳ ಸ್ಯಾನ್‌ಫ್ರಾನ್ಸಿಸ್ಕೋದ ಜೆಫರ್ಸನ್ ಏರ್‌ಪ್ಲೇನ್ ಎಂಬ ರಾಕ್ ತಂಡದ್ದು. ತಂಡಕ್ಕೂ ಅದರ ಮ್ಯಾನೇಜರ್ ಮ್ಯಾಥ್ಯೂ ಕಾಟ್ಜ್‌ಗೂ ಮನಸ್ತಾಪ ಬಂತು. ಕಾಟ್ಜ್ ತೋರಿಸಿದ ಕರಾರಿನಲ್ಲಿ, ಕೆಲಸ ಕೊಡಿಸುವ ಹೊಣೆ ಮ್ಯಾನೇಜರನದಲ್ಲ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ಕಾರ್ಯಕ್ರಮಗಳನ್ನು ಗೊತ್ತುಮಾಡುತ್ತಿದ್ದವನು ಅವನೇ ಎಂದು ತಂಡದವರು ದೂರಿದರು. 1967ರಲ್ಲಿ ಮೇಲ್ಮನವಿ ನ್ಯಾಯಾಲಯ, ಕಾಗದದಲ್ಲಿ ಏನು ಬರೆದಿದೆ ಎಂಬುದಲ್ಲ, ನಿಜವಾಗಿ ಏನು ನಡೆಯಿತು ಎಂಬುದೇ ಮುಖ್ಯ. ಅದನ್ನು ಮೊದಲು ವಿಚಾರಿಸಬೇಕಾದವರು ರಾಜ್ಯದ ಕಾರ್ಮಿಕ ಆಯುಕ್ತರು ಎಂದಿತು. ‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎನ್ನುವ ಮಾತನ್ನು ಬಲ್ಲವರಿಗೆ ಈ ತರ್ಕ ಹೊಸದೇನಲ್ಲ.

ತೀರ್ಪೇನೋ ಸರಿಯಾದದ್ದೇ. ಅದರ ಫಲ ಮಾತ್ರ ಅನಿರೀಕ್ಷಿತ. ಕರಾರು ಅಸಿಂಧುವಾದರೆ ಮ್ಯಾನೇಜರ್ ಬಾಕಿ ಕಮಿಷನ್ ಕಳೆದುಕೊಳ್ಳುವುದಷ್ಟೇ ಅಲ್ಲ, ಪಡೆದದ್ದನ್ನೂ ಹಿಂದಿರುಗಿಸಬೇಕಾಗಬಹುದು. ಹಾಸ್ಯನಟ ರಿಚರ್ಡ್ ಪ್ರಯರ್ ಅವರ ಪ್ರಕರಣದಲ್ಲಿ 1982ರಲ್ಲಿ ಕಾರ್ಮಿಕ ಆಯುಕ್ತರು ಅವರ ಹಿಂದಿನ ಮ್ಯಾನೇಜರ್ 30 ಲಕ್ಷ ಡಾಲರಿಗೂ ಹೆಚ್ಚು ಹಣ ಹಿಂದಿರುಗಿಸಬೇಕೆಂದು ಆದೇಶಿಸಿದರು. ಚಿತ್ರರಂಗದ ವಕೀಲರೆಲ್ಲ ಎದ್ದು ಕುಳಿತರು.

ಅದೇ ವರ್ಷ ಶಾಸನಸಭೆಯೂ ಕಾಯಿದೆಯನ್ನು ತಿದ್ದಿತು. ಧ್ವನಿಮುದ್ರಣ ಕಂಪನಿಗಳೊಂದಿಗೆ ಕರಾರು ಮಾಡಿಸುವುದಕ್ಕೆ ಪರವಾನಗಿ ಬೇಡ ಎಂದಾಯಿತು. ಲೈಸೆನ್ಸುಳ್ಳ ಏಜೆಂಟನ ಕೋರಿಕೆಯಂತೆ, ಅವನ ಜೊತೆಗೂಡಿ ಮ್ಯಾನೇಜರ್ ಕರಾರು ಕುದುರಿಸಿದರೆ ತಪ್ಪಲ್ಲ ಎಂದಾಯಿತು. ಅಲ್ಲಿಯವರೆಗೆ ಅಪರಾಧವಾಗಿದ್ದ ಉಲ್ಲಂಘನೆಗೆ ಶಿಕ್ಷೆ ತೆಗೆದುಹಾಕಲಾಯಿತು. ಕಲಾವಿದರು, ಏಜೆಂಟರು, ಮ್ಯಾನೇಜರರು ಇದ್ದ ಒಂದು ಆಯೋಗ ರಚನೆಯಾಗಿ ಎಲ್ಲವನ್ನೂ ಪರಿಶೀಲಿಸಿತು. ಅದರ ಶಿಫಾರಸಿನಂತೆ 1986ರಲ್ಲಿ ಇವೆಲ್ಲ ಕಾಯಂ ಆದವು. ಹಾಡುಗಾರನಿಗೆ ರೆಕಾರ್ಡಿಂಗ್ ಕರಾರು ಮಾಡಿಸಿದರೆ ಲೈಸೆನ್ಸು ಬೇಡ, ಅದೇ ಹಾಡುಗಾರನಿಗೆ ಒಂದು ರಾತ್ರಿಯ ಕಚೇರಿ ಗೊತ್ತುಮಾಡಿದರೆ ಬೇಕು! ಈ ವ್ಯತ್ಯಾಸ ಸಾಮಾನ್ಯನ ಬುದ್ಧಿಗೆ ನಿಲುಕುವುದು ಕಷ್ಟ.

ಶಿಕ್ಷೆ ತೆಗೆದುಹಾಕಿದ್ದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜೈಲಿಲ್ಲ, ಜುಲ್ಮಾನೆಯಿಲ್ಲ. ಉಳಿದದ್ದು ಒಂದೇ ಅಸ್ತ್ರ - ಕಮಿಷನ್ ಕೊಡಬೇಕಾಗಿಲ್ಲ ಎನ್ನುವುದು. ಈ ಅಸ್ತ್ರವನ್ನು ಯಾರು ಹಿಡಿಯಬಲ್ಲರು? ಕಮಿಷನ್ ದೊಡ್ಡ ಮೊತ್ತವಾಗಿದ್ದರೆ ಮಾತ್ರ ವಕೀಲರ ಖರ್ಚು ಗಿಟ್ಟುತ್ತದೆ. ಕಮಿಷನ್ ದೊಡ್ಡದಾಗಬೇಕಾದರೆ ಕಲಾವಿದ ಗೆದ್ದಿರಬೇಕು. ಅಂದರೆ ಮ್ಯಾನೇಜರ್ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವನ ತಲೆಯ ಮೇಲೆ ತೂಗುವ ಕತ್ತಿಯ ತೂಕ ಹೆಚ್ಚು. ಶುಲ್ಕ ಕಟ್ಟಿ ಮೋಸಹೋಗಿ ಊರಿಗೆ ಹಿಂದಿರುಗಿದವನಿಗೆ ಈ ಕತ್ತಿಯಿಂದ ಏನು ಪ್ರಯೋಜನ?

ಬೊಂಬೆ ತಯಾರಿಸುವ ಪೆಪರ್‌ಕಾರ್ನ್ ಎಂಬ ಕಂಪನಿಯ ಪ್ರಕರಣ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅದರ ಪರವಾಗಿ ಒಬ್ಬ ವ್ಯಕ್ತಿ ಸುಮಾರು ಆರು ವರ್ಷ ದುಡಿದಿದ್ದ. ಪ್ರಚಾರದಂಥ ಹಲವು ಕೆಲಸಗಳ ನಡುವೆ ಆಗೊಮ್ಮೆ ಈಗೊಮ್ಮೆ ಅವಕಾಶವನ್ನೂ ಹುಡುಕಿಕೊಟ್ಟಿದ್ದ. ಲಾಭದಲ್ಲಿ ಶೇ 15 ಕೊಡುವ ಮಾತಾಗಿತ್ತು ಎಂದು ದಾವೆ ಹೂಡಿದಾಗ, 1995ರಲ್ಲಿ ನ್ಯಾಯಾಲಯ ಅವನನ್ನು ಬರಿಗೈಯಲ್ಲಿ ಕಳಿಸಿತು. ಪರವಾನಗಿ ಇಲ್ಲದವನು ಪ್ರಾಸಂಗಿಕವಾಗಿ ಕೆಲಸ ಕೊಡಿಸಿದರೂ ಉಲ್ಲಂಘನೆಯೇ ಎಂಬುದು ತೀರ್ಪಿನ ಸಾರ. ಉಳಿದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕಲಾವಿದ ದೂರು ಕೊಡಲು ಒಂದು ವರ್ಷದ ಗಡುವು ಇದೆ, ನಿಜ. ಆದರೆ ಮ್ಯಾನೇಜರನೇ ಬಾಕಿ ಕೇಳಿ ನ್ಯಾಯಾಲಯಕ್ಕೆ ಹೋದರೆ, ರಕ್ಷಣೆಯ ವಾದವಾಗಿ ಇದನ್ನು ಎತ್ತಲು ಆ ಗಡುವು ಅಡ್ಡಬರುವುದಿಲ್ಲ ಎಂದು ನಟಿ ಕಾನಿ ಸ್ಟೀವನ್ಸ್ ಅವರ ಪ್ರಕರಣದಲ್ಲಿ 2001ರಲ್ಲಿ ತೀರ್ಮಾನವಾಯಿತು.

ಇದಕ್ಕೆ ಒಂದಿಷ್ಟು ಮಿತಿ ಬಿದ್ದದ್ದು 2008ರಲ್ಲಿ. ನಟಿ ರೋಸಾ ಬ್ಲಾಸಿ 1998ರಲ್ಲಿ ಮ್ಯಾರಥಾನ್ ಎಂಟರ್‌ಟೈನ್‌ಮೆಂಟ್ ಎಂಬ ಸಂಸ್ಥೆಯನ್ನು ಮ್ಯಾನೇಜರಾಗಿ ಒಪ್ಪಿದ್ದರು. ಮಾತು ಬಾಯಿಮಾತಿನದು, ಕಮಿಷನ್ ಶೇ 15. ಮುಂದೆ ‘ಸ್ಟ್ರಾಂಗ್ ಮೆಡಿಸಿನ್’ ಎಂಬ ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಸಿಕ್ಕಿತು. 2001ರಲ್ಲಿ ಅವರು ಕಮಿಷನ್ ಅನ್ನು ಶೇ 10ಕ್ಕೆ ಇಳಿಸಿದರು, ಆಮೇಲೆ ಸಂಬಂಧವನ್ನೇ ಕಡಿದುಕೊಂಡರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಸಂಸ್ಥೆ ದಾವೆ ಹೂಡಿತು. ನಟಿ ಕಾರ್ಮಿಕ ಆಯುಕ್ತರ ಬಳಿ ಹೋಗಿ, ಅಂಬಿಗನಿಗೆ ಲೈಸೆನ್ಸೇ ಇರಲಿಲ್ಲ ಎಂದರು. ರಾಜ್ಯದ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಕಾಯಿದೆ ಮ್ಯಾನೇಜರರಿಗೂ ಅನ್ವಯಿಸುತ್ತದೆ; ಕೆಲಸ ಕೊಡಿಸುವ ಒಂದೇ ಒಂದು ಕೃತ್ಯವೂ ಅದರ ವ್ಯಾಪ್ತಿಗೆ ಬರುತ್ತದೆ. ಆದರೆ ಹಣ್ಣಿನ ಕೊಳೆತ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳುವಂತೆ, ಕಾನೂನುಬಾಹಿರ ಭಾಗವನ್ನು ಬಿಟ್ಟು ಉಳಿದ ಸೇವೆಗೆ ಕಮಿಷನ್ ಕೊಡಿಸಬಹುದೇ ಎಂದು ನ್ಯಾಯಾಲಯ ಆಯಾ ಪ್ರಕರಣದಲ್ಲಿ ನೋಡಬಹುದು. ಅದೇ ವರ್ಷ ಟಿ.ವಿ.ಯ ‘ಜಡ್ಜ್ ಅಲೆಕ್ಸ್’ ಖ್ಯಾತಿಯ ಅಲೆಕ್ಸ್ ಫೆರರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕರಾರಿನಲ್ಲಿ ಪಂಚಾಯಿತಿ ತೀರ್ಮಾನಕ್ಕೆ ಒಪ್ಪಿಗೆ ಇದ್ದರೆ ಇಂಥ ಜಗಳವನ್ನು ಪಂಚರೇ ಬಗೆಹರಿಸಬೇಕು, ಕಾರ್ಮಿಕ ಆಯುಕ್ತರಲ್ಲ ಎಂದಿತು. ಕಾಯಿದೆಯೇ ಸಂವಿಧಾನಬಾಹಿರ ಎಂದು ಮ್ಯಾನೇಜರರ ಸಂಘವೊಂದು ಹೂಡಿದ ದಾವೆ 2015ರಲ್ಲಿ ಮೇಲ್ಮನವಿಯಲ್ಲೂ ಬಿದ್ದುಹೋಯಿತು.

ಲೈಸೆನ್ಸು ಇದ್ದವರೆಲ್ಲ ಸಾಚಾ ಎಂದು ಭಾವಿಸುವ ಕಾರಣವೂ ಇಲ್ಲ. ಜೂಲ್ಸ್ ಸ್ಟೈನ್ ಎಂಬ ಕಣ್ಣಿನ ಡಾಕ್ಟರು 1924ರಲ್ಲಿ ಶಿಕಾಗೋದಲ್ಲಿ ಎಂ.ಸಿ.ಎ. ಎಂಬ ಸಂಸ್ಥೆ ಕಟ್ಟಿದರು. ಬ್ಯಾಂಡ್‌ಗಳಿಗೆ ಕಾರ್ಯಕ್ರಮ ಗೊತ್ತುಮಾಡುವುದರಿಂದ ಶುರುವಾಗಿ ಅದು ಹಾಲಿವುಡ್ಡಿನ ಅತಿ ದೊಡ್ಡ ಏಜೆನ್ಸಿಯಾಯಿತು. ನಟರ ಸಂಘದ ನಿಯಮದಂತೆ ಏಜೆಂಟನಾದವನು ನಿರ್ಮಾಪಕನಾಗುವಂತಿರಲಿಲ್ಲ. 1952ರಲ್ಲಿ ಆ ಸಂಘ ಎಂ.ಸಿ.ಎ.ಗೆ ಮಾತ್ರ ಟಿ.ವಿ. ಕಾರ್ಯಕ್ರಮ ತಯಾರಿಸಲು ವಿಶೇಷ ರಿಯಾಯಿತಿ ಕೊಟ್ಟಿತು. ಆಗ ಸಂಘದ ಅಧ್ಯಕ್ಷರಾಗಿದ್ದವರು ಮುಂದೆ ದೇಶದ ಅಧ್ಯಕ್ಷರೇ ಆದ ರೊನಾಲ್ಡ್ ರೇಗನ್. ಅವರ ಏಜೆಂಟ್ ಕೂಡ ಎಂ.ಸಿ.ಎ. ಎಂಬುದು ಗಮನಿಸತಕ್ಕದ್ದು. ಸಂಭಾವನೆ ಹೆಚ್ಚಿಸಬೇಕಾದವನೂ ಉಳಿಸಬೇಕಾದವನೂ ಒಬ್ಬನೇ ಆದಂತಾಯಿತು. ಕೇಂದ್ರದ ನ್ಯಾಯ ಇಲಾಖೆ ಬೆನ್ನುಹತ್ತಿದ ಮೇಲೆ, 1962ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಕೈಸೇರಿದ ಹೊತ್ತಿಗೆ, ಎಂ.ಸಿ.ಎ. ತನ್ನ ಏಜೆನ್ಸಿಯನ್ನು ಮುಚ್ಚಿತು. ತೀರಾ ಈಚೆಗೆ 2019ರಲ್ಲಿ, ದೊಡ್ಡ ಏಜೆನ್ಸಿಗಳು ಕಲಾವಿದರಿಂದ ಕಮಿಷನ್ ಬಿಟ್ಟು ಸ್ಟುಡಿಯೋಗಳಿಂದಲೇ ‘ಪ್ಯಾಕೇಜಿಂಗ್’ ಶುಲ್ಕ ಪಡೆಯುತ್ತಿವೆ ಎಂದು ಸಾವಿರಾರು ಚಿತ್ರಕಥಾ ಲೇಖಕರು ಒಟ್ಟಿಗೇ ತಮ್ಮ ಏಜೆಂಟರನ್ನು ಕೈಬಿಟ್ಟರು. ಏಜೆನ್ಸಿಗಳು ಒಂದೊಂದಾಗಿ ಮಣಿದವು. 2022ರ ಮಧ್ಯಭಾಗದಿಂದ ಆ ಪದ್ಧತಿ ನಿಲ್ಲಬೇಕೆಂದು ಒಪ್ಪಂದವಾಯಿತು. ಇದನ್ನು ಸಾಧಿಸಿದ್ದು ಪರವಾನಗಿಯಲ್ಲ, ಲೇಖಕರ ಸಂಘ.

ನ್ಯೂಯಾರ್ಕ್ ರಾಜ್ಯ ಇದೇ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿದೆ. ಅಲ್ಲಿ ಏಜೆಂಟರಿಗೆ ಪರವಾನಗಿಯೂ ಉಂಟು, ಸಾಮಾನ್ಯವಾಗಿ ಶೇ 10ರ ಮಿತಿಯೂ ಉಂಟು. ಆದರೆ ಕಲಾವಿದನ ವ್ಯವಹಾರ ನೋಡಿಕೊಳ್ಳುವವನು ಪ್ರಾಸಂಗಿಕವಾಗಿ ಮಾತ್ರ ಕೆಲಸ ಹುಡುಕಿಕೊಟ್ಟರೆ ಅವನು ಏಜೆಂಟನಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಬ್ರಿಟನ್ 1995ರಿಂದ ಏಜೆನ್ಸಿಗಳ ಪರವಾನಗಿಯನ್ನೇ ಎತ್ತಿಹಾಕಿ, ನಡವಳಿಕೆಯ ನಿಯಮಗಳ ಮೇಲೆ ಭಾರ ಹಾಕಿತು.

ಕ್ಯಾಲಿಫೋರ್ನಿಯಾಕ್ಕೂ ಬಸ್ಸಿಳಿದ ಹುಡುಗನ ನೆನಪು ಮರಳಿ ಬಂದದ್ದು 2009ರಲ್ಲಿ. ಆ ವರ್ಷ ಅದು ಕಲಾವಿದರ ಮೇಲಿನ ವಂಚನೆ ತಡೆಯಲು ಬೇರೆಯದೇ ಒಂದು ಕಾಯಿದೆ ಮಾಡಿತು. ಅವಕಾಶ ಕೊಡಿಸುತ್ತೇನೆ, ಆಡಿಷನ್ ಮಾಡಿಸುತ್ತೇನೆ ಎಂದು ಮುಂಗಡ ಹಣ ಕೀಳುವುದು ಅಪರಾಧವಾಯಿತು. ತರಬೇತಿ, ಸಲಹೆ, ಹೆಸರು ಪಟ್ಟಿ ಮಾಡುವಂಥ ಸೇವೆಗಳನ್ನು ನಡೆಸುವವರು ಬಾಂಡ್ ಕೊಡಬೇಕಾಯಿತು. ಗ್ರಾಹಕ ಗೊತ್ತಾದ ದಿನಗಳೊಳಗೆ ಮನಸ್ಸು ಬದಲಿಸಿದರೆ ಹಣ ವಾಪಸು ಕೊಡಬೇಕಾಯಿತು. ಇಲ್ಲಿ ದಂಡವೂ ಇದೆ, ಜೈಲೂ ಇದೆ. 2017ರಲ್ಲಿ ಲಾಸ್ ಏಂಜಲೀಸಿನ ನಗರ ವಕೀಲರು ನಟನಾ ಕಾರ್ಯಾಗಾರಗಳ ಹೆಸರಿನಲ್ಲಿ ಆಡಿಷನ್ ಮಾರುತ್ತಿದ್ದರೆಂದು ಐದು ಸಂಸ್ಥೆಗಳ ಮೇಲೆ ಇದೇ ಕಾಯಿದೆಯಡಿ ಮೊಕದ್ದಮೆ ಹೂಡಿದರು. ಮೋಸಹೋದವನು ತಾನೇ ವಕೀಲನನ್ನು ಹುಡುಕಬೇಕಾಗಿರಲಿಲ್ಲ; ದಾವೆ ನಡೆಸಿದ್ದು ಸರ್ಕಾರ.

ಭಾರತದ ಚಿತ್ರೋದ್ಯಮದಲ್ಲೂ ಮಧ್ಯವರ್ತಿಯ ಪ್ರಶ್ನೆ ಶಾಸನದ ಕಣ್ಣಿಗೆ ಬಿದ್ದಿತ್ತು. 1981ರ ಸಿನಿ ಕಾರ್ಮಿಕರ ಕಾಯಿದೆ, ಕಾರ್ಮಿಕನನ್ನು ಕಂಟ್ರಾಕ್ಟರ್ ಮೂಲಕ ತೆಗೆದುಕೊಂಡರೂ ನಿರ್ಮಾಪಕ ಲಿಖಿತ ಕರಾರು ಮಾಡಿ ಅದನ್ನು ನೋಂದಾಯಿಸಬೇಕು ಎಂದಿತು. ಆ ಕಾಯಿದೆಯನ್ನು 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ವಿಲೀನಗೊಳಿಸಲಾಯಿತು. ಅದು ಹೊಣೆ ಹೊರಿಸಿದ್ದು ನಿರ್ಮಾಪಕನ ಮೇಲೆ, ದಲ್ಲಾಳಿಯ ಮೇಲಲ್ಲ. ಕರಾರಿನ ಹಂತ ಮುಟ್ಟಿದವನಿಗೆ ಅದು ಆಸರೆ. ಭಾವಚಿತ್ರ ಹಿಡಿದು ನೋಂದಣಿ ಶುಲ್ಕದ ಸಾಲಿನಲ್ಲಿ ನಿಂತವನು ಇನ್ನೂ ಆ ಹಂತಕ್ಕೆ ಬಂದಿರುವುದಿಲ್ಲ.